ಗಣಿಮದ್ದನ್ನು ಒರೆಗೆ ಹಚ್ಚಿದ ಬಗೆ: ಸೀಸದ ದಿಮ್ಮಿಯಿಂದ ಕಬ್ಬಿಣದ ಸುರಂಗದವರೆಗೆ

20 ಸೆಂಟಿಮೀಟರ್ ಅಡ್ಡಳತೆ, ಅಷ್ಟೇ ಎತ್ತರ. ಶುದ್ಧ ಸೀಸದಲ್ಲಿ ಎರಕ ಹೊಯ್ದ ಈ ದಿಮ್ಮಿ ಸುಮಾರು 70 ಕಿಲೋ ತೂಗುತ್ತದೆ. ನೆತ್ತಿಯ ನಡುವೆ 25 ಮಿಲಿಮೀಟರ್ ಅಗಲ, 125 ಮಿಲಿಮೀಟರ್ ಆಳದ ಕುಳಿ. ಕುಳಿಯ ತಳದಲ್ಲಿ ತವರದ ಹಾಳೆ ಸುತ್ತಿದ 10 ಗ್ರಾಂ ಸ್ಫೋಟಕ ಮದ್ದು, ಅದರೊಳಗೆ ಅದನ್ನು ಸಿಡಿಸುವ ಪುಟ್ಟ ಡಿಟೊನೇಟರ್, ಮೇಲೆ ಬಾಯಿಮಟ್ಟ ಒಣ ಮರಳು. ಹೊಡೆದಾದ ಮೇಲೆ ನೋಡಿದರೆ ಕುಳಿಯ ತಳ ತಂಬಿಗೆಯ ಹೊಟ್ಟೆಯಂತೆ ಊದಿಕೊಂಡಿರುತ್ತದೆ. ಒಳಗಿನ ಚೂರುಪಾರು ಬ್ರಷ್‌ನಿಂದ ತೆಗೆದು, ಬ್ಯೂರೆಟ್‌ನಿಂದ ನೀರು ತುಂಬಿಸಿ ಅಳೆದು, ಮೊದಲೇ ಇದ್ದ ಸುಮಾರು 61 ಸಿಸಿಯನ್ನು ಕಳೆಯಬೇಕು. ಉಳಿದ ಸಂಖ್ಯೆ ಆ ಮದ್ದಿನ ಟ್ರೌಜ್ಲ್ ಅಳತೆ.

ಆಸ್ಟ್ರಿಯಾದ ಇಸಿಡೋರ್ ಟ್ರೌಜ್ಲ್ ರೂಪಿಸಿದ ಈ ಪರೀಕ್ಷೆಯನ್ನು 1903ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಅನ್ವಯಿಕ ರಸಾಯನಶಾಸ್ತ್ರ ಸಮ್ಮೇಳನ ಮಾನಕವೆಂದು ಒಪ್ಪಿತು. ಈ ಅಳತೆಯಲ್ಲಿ ಟಿಎನ್‌ಟಿಗೆ ಸುಮಾರು 300 ಸಿಸಿ, ನೊಬೆಲ್ 1875ರಲ್ಲಿ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ಎಣ್ಣೆಯಿಂದ ತಯಾರಿಸಿದ ಬ್ಲಾಸ್ಟಿಂಗ್ ಜೆಲಟಿನ್‌ಗೆ ಸುಮಾರು 600. ಹಾಗಾದರೆ ಜೆಲಟಿನ್ ಸರಿಯಾಗಿ ಎರಡು ಪಟ್ಟು ಬಲಶಾಲಿಯೇ? ಅಲ್ಲ. ಕುಳಿ ಹಿಗ್ಗಿದಂತೆಲ್ಲ ಸುತ್ತಲಿನ ಸೀಸದ ಗೋಡೆ ತೆಳುವಾಗುತ್ತದೆ. ಮೊದಲ 300 ಸಿಸಿ ಹಿಗ್ಗಿಸಲು ಬೇಕಾದ ಶ್ರಮ ಮುಂದಿನ 300ಕ್ಕೆ ಬೇಡ. ಹಾಗಾಗಿ ಬಲವಾದ ಮದ್ದಿಗೆ ಸಂಖ್ಯೆ ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಇದಕ್ಕೆ ಪರಿಹಾರವಾಗಿ ಕೆಲವು ಪ್ರಯೋಗಾಲಯಗಳು ಪ್ರಶ್ನೆಯನ್ನೇ ತಿರುಗಿಸಿದವು. ಒಂದೇ ತೂಕ ಎಷ್ಟು ಹಿಗ್ಗಿಸುತ್ತದೆ ಎನ್ನುವುದರ ಬದಲು, ಒಂದೇ ಪ್ರಮಾಣದ ಹಿಗ್ಗುವಿಕೆಗೆ ಯಾವ ಮದ್ದು ಎಷ್ಟು ತೂಕ ಬೇಕು ಎಂದು ಕೇಳಿದವು.

ಎಡವಟ್ಟುಗಳು ಇನ್ನೂ ಇವೆ. ಸೀಸ ಬೆಚ್ಚಗಿದ್ದರೆ ಮೆತ್ತಗಿರುತ್ತದೆ, ಸಂಖ್ಯೆ ಏರುತ್ತದೆ. ಅದಕ್ಕೇ ಫಲಿತಾಂಶವನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಿ ಬರೆಯುತ್ತಿದ್ದರು. ಎರಕದಲ್ಲಿ ಗಾಳಿಗುಳ್ಳೆ ಉಳಿದರೆ, ಅಥವಾ ಸೀಸದಲ್ಲಿ ಆಂಟಿಮನಿಯಂಥ ಗಟ್ಟಿ ಲೋಹದ ಬೆರಕೆ ಇದ್ದರೆ ಆ ದಿಮ್ಮಿಯ ಲೆಕ್ಕ ಬೇರೆ ದಿಮ್ಮಿಗೆ ಹೊಂದುವುದಿಲ್ಲ. ಡಿಟೊನೇಟರ್ ತಾನೇ ಒಂದಿಷ್ಟು ಸೀಸವನ್ನು ಹಿಗ್ಗಿಸುತ್ತದೆ. ಅದನ್ನು ಬೇರೆಯಾಗಿ ಹೊಡೆದು ನೋಡಿ ಕಳೆಯಬೇಕು. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆಗುವುದು ನಿಧಾನದ ಮದ್ದಿಗೆ. ಕರಿಮದ್ದನ್ನು ಈ ಕುಳಿಯಲ್ಲಿಟ್ಟು ಹೊಡೆದರೆ ಅದು ಪೂರ್ತಿ ಉರಿಯುವ ಮೊದಲೇ ಅನಿಲ ಮರಳನ್ನು ಎತ್ತಿಕೊಂಡು ಹೊರಗೆ ಹೋಗುತ್ತದೆ, ಸಂಖ್ಯೆ ನಗಣ್ಯ. ಆದರೆ ಬಂಡೆಯನ್ನು ಬಿರುಕಿಲ್ಲದೆ ಇಡಿಯಾಗಿ ಎಬ್ಬಿಸಬೇಕಾದ ಕಟ್ಟಡಕಲ್ಲಿನ ಕ್ವಾರಿಯವರಿಗೆ ಬೇಕಾಗಿದ್ದದ್ದು ಅದೇ ನಿಧಾನದ ತಳ್ಳು. ಸೀಸದ ದಿಮ್ಮಿ ಫೇಲು ಮಾಡಿದ ಮದ್ದು ಕಲ್ಲಿನಲ್ಲಿ ಪಾಸಾಗುತ್ತಿತ್ತು.

ಗಣಿ ಸ್ಫೋಟಕಗಳ ಪರೀಕ್ಷೆಯ ಇತಿಹಾಸ ಹೆಚ್ಚುಕಡಿಮೆ ಇದೇ ಜಗಳದ ಇತಿಹಾಸ. ಪ್ರತಿ ಪರೀಕ್ಷೆಯೂ ಒಂದೇ ಒಂದು ಸಂದರ್ಭವನ್ನು ಅಣಕಿಸುತ್ತದೆ. ಅದರ ಉತ್ತರ ಆ ಸಂದರ್ಭಕ್ಕೆ ಮಾತ್ರ ಸಲ್ಲುತ್ತದೆ. "ಈ ಮದ್ದು ಬಲವಾದದ್ದು", "ಆ ಮದ್ದು ಸುರಕ್ಷಿತ" ಎನ್ನುವ ಮಾತಿಗೆ, ಯಾವ ಪರೀಕ್ಷೆಯಲ್ಲಿ, ಎಷ್ಟು ತೂಕದಲ್ಲಿ ಎಂದು ಮರುಪ್ರಶ್ನೆ ಹಾಕದಿದ್ದರೆ ಅರ್ಥವೇ ಇಲ್ಲ.

ಬಲ ಎಂದರೆ ಯಾವ ಬಲ?

ಬಂಡೆಯೊಳಗೆ ಮದ್ದು ಎರಡು ಕೆಲಸ ಮಾಡುತ್ತದೆ. ಮೊದಲು ಆಘಾತದ ಅಲೆ ಕಲ್ಲನ್ನು ಸೀಳುತ್ತದೆ, ಆಮೇಲೆ ಹಿಗ್ಗುವ ಅನಿಲ ಸೀಳಿದ್ದನ್ನು ತಳ್ಳುತ್ತದೆ. ಟ್ರೌಜ್ಲ್ ದಿಮ್ಮಿ ಹೆಚ್ಚಾಗಿ ಎರಡನೆಯದನ್ನು ಅಳೆಯುತ್ತದೆ. ಮೊದಲನೆಯದಕ್ಕೆ ಹೆಸ್ ಪರೀಕ್ಷೆ ಇತ್ತು. 60 ಮಿಲಿಮೀಟರ್ ಎತ್ತರ, 40 ಮಿಲಿಮೀಟರ್ ಅಡ್ಡಳತೆಯ ಸೀಸದ ಕಂಬಿಯ ಮೇಲೆ ಉಕ್ಕಿನ ಬಿಲ್ಲೆ ಇಟ್ಟು, ಅದರ ಮೇಲೆ 50 ಗ್ರಾಂ ಮದ್ದು ಹೊಡೆದು, ಕಂಬಿ ಎಷ್ಟು ಕುಗ್ಗಿತೆಂದು ನೋಡುವುದು.

ಆಘಾತದ ತೀವ್ರತೆ, ಕಾಗದ ಸುತ್ತಿದ ಮದ್ದಿನ ಉರುಳೆಯ, ಅಂದರೆ ಕಾರ್ಟ್ರಿಜ್‌ನ, ಉದ್ದಕ್ಕೂ ಸ್ಫೋಟ ಓಡುವ ವೇಗವನ್ನು ಅವಲಂಬಿಸಿದೆ. ಸೆಕೆಂಡಿಗೆ ಸಾವಿರಾರು ಮೀಟರ್ ಓಡುವುದನ್ನು ಎಲೆಕ್ಟ್ರಾನಿಕ್ ಗಡಿಯಾರವಿಲ್ಲದ ಕಾಲದಲ್ಲಿ ಅಳೆಯುವುದು ಹೇಗೆ? ಫ್ರಾನ್ಸಿನ ದೋತ್ರಿಶ್ 1900ರ ದಶಕದಲ್ಲಿ ಕೊಟ್ಟ ಉಪಾಯ ಇಂದಿಗೂ ಮೆಚ್ಚುವಂಥದ್ದು, ಏಕೆಂದರೆ ಅದರಲ್ಲಿ ಗಡಿಯಾರವೇ ಇಲ್ಲ. ವೇಗ ಗೊತ್ತಿರುವ ಸ್ಫೋಟಕ ಹಗ್ಗದ, ಅಂದರೆ ಡಿಟೊನೇಟಿಂಗ್ ಕಾರ್ಡ್‌ನ, ಎರಡು ತುದಿಗಳನ್ನು ಕಾರ್ಟ್ರಿಜ್‌ನಲ್ಲಿ 100 ಮಿಲಿಮೀಟರ್ ಅಂತರದಲ್ಲಿ ನೆಡುತ್ತಾರೆ. ಹಗ್ಗದ ನಡುಭಾಗ ಸೀಸದ ಪಟ್ಟಿಯ ಮೇಲೆ ಹಾದುಹೋಗುತ್ತದೆ. ಹಗ್ಗದ ಸರಿಯಾದ ಮಧ್ಯಬಿಂದುವಿಗೆ ಪಟ್ಟಿಯಲ್ಲಿ ಗೆರೆ ಎಳೆದಿರುತ್ತಾರೆ. ಕಾರ್ಟ್ರಿಜ್ ಹೊಡೆದಾಗ ಹತ್ತಿರದ ತುದಿ ಮೊದಲು ಹೊತ್ತುತ್ತದೆ, ದೂರದ್ದು ಕ್ಷಣದ ಅಣುಭಾಗ ತಡವಾಗಿ. ಎರಡೂ ಕಡೆಯಿಂದ ಓಡಿಬಂದ ಸ್ಫೋಟಗಳು ಢಿಕ್ಕಿ ಹೊಡೆದ ಜಾಗದಲ್ಲಿ ಸೀಸದ ಮೇಲೆ ಆಳವಾದ ಕಚ್ಚು ಬೀಳುತ್ತದೆ. ಆ ಕಚ್ಚು ಮಧ್ಯಗೆರೆಯಿಂದ ಎಷ್ಟು ಸರಿದಿದೆಯೋ ಅದೇ ತಡವಾದ ಕಾಲದ ಅಳತೆ. ಹಗ್ಗದ ವೇಗ ಸೆಕೆಂಡಿಗೆ 6,500 ಮೀಟರ್, ಕಚ್ಚು ಸರಿದದ್ದು 130 ಮಿಲಿಮೀಟರ್ ಎಂದುಕೊಳ್ಳಿ. 6,500ನ್ನು 100ರಿಂದ ಗುಣಿಸಿ, 130ರ ಎರಡರಷ್ಟಾದ 260ರಿಂದ ಭಾಗಿಸಿದರೆ 2,500. ಅಂದರೆ ಕಾರ್ಟ್ರಿಜ್‌ನ ವೇಗ ಸೆಕೆಂಡಿಗೆ 2,500 ಮೀಟರ್. ಇಲ್ಲಿ ತಪ್ಪು ನುಸುಳುವುದು ಎರಡು ಕಡೆ: ಹಗ್ಗದ ವೇಗ ಲಾಟ್‌ನಿಂದ ಲಾಟ್‌ಗೆ ಬದಲಾಗಿರುವುದು, ಮತ್ತು ಮೊದಲ ತುದಿಯನ್ನು ಡಿಟೊನೇಟರ್‌ಗೆ ತೀರಾ ಹತ್ತಿರ ನೆಡುವುದು. ಸ್ಫೋಟ ತನ್ನ ಓಟದ ವೇಗಕ್ಕೆ ಬರಲು ಸ್ವಲ್ಪ ದೂರ ಬೇಕು. ಅಷ್ಟು ಜಾಗ ಬಿಡದಿದ್ದರೆ ಅಳೆದದ್ದು ಮದ್ದಿನ ವೇಗವೂ ಅಲ್ಲ, ಡಿಟೊನೇಟರ್‌ನದೂ ಅಲ್ಲ.

ಮೂರನೆಯದು ಲೋಲಕ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ಬ್ಯಾಲಿಸ್ಟಿಕ್ ಲೋಲಕದಲ್ಲಿ 31,600 ಪೌಂಡ್, ಅಂದರೆ 14 ಟನ್ನಿಗೂ ಮಿಕ್ಕಿದ ಉಕ್ಕಿನ ಮೋರ್ಟಾರ್, ಅಂದರೆ ಮೋಟು ಫಿರಂಗಿ, ಒಂದು ಕಂಬಿಗಳಿಂದ ತೂಗುಬಿದ್ದಿತ್ತು. ಎದುರಿಗೆ ಹಳಿಯ ಮೇಲೆ ನಿಂತ ಫಿರಂಗಿಯಲ್ಲಿ ಮದ್ದು ತುಂಬಿ ಮೋರ್ಟಾರ್‌ನ ಬಾಯಿಗೆ ಹೊಡೆದರೆ ಅದು ಹಿಂದಕ್ಕೆ ತೂಗುತ್ತಿತ್ತು. ಮೊದಲು ಶೇ. 40ರ, ಅಂದರೆ ಅಷ್ಟು ಪಾಲು ನೈಟ್ರೊಗ್ಲಿಸರಿನ್ ಇರುವ, ಡೈನಮೈಟ್ ಅರ್ಧ ಪೌಂಡ್, ಅಂದರೆ 227 ಗ್ರಾಂ ಹೊಡೆದು ತೂಗಿನ ದೂರ ಗುರುತಿಸಿಕೊಳ್ಳುತ್ತಿದ್ದರು. ಹೊಸ ಮದ್ದು ಅಷ್ಟೇ ದೂರ ತೂಗಿಸಲು ಎಷ್ಟು ತೂಕ ಬೇಕೋ ಅದು ಅದರ ಸಮಬಲದ ಪ್ರಮಾಣ. ಈ ತೂಕ ಮುಂದೆ ಸುರಕ್ಷತಾ ಪರೀಕ್ಷೆಯಲ್ಲಿ ಬಳಕೆಯಾಗುತ್ತಿತ್ತು ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಅಂದಹಾಗೆ, ಶೇ. 60ರ ಡೈನಮೈಟ್ ಶೇ. 40ರದಕ್ಕಿಂತ ಒಂದೂವರೆ ಪಟ್ಟು ಬಲವಾದದ್ದೆಂಬ ನಂಬಿಕೆಯನ್ನು ಇಂಥ ಲೋಲಕಗಳೇ ಕೆಡವಿದ್ದು. ಉಳಿದ ಭಾಗದ ಪುಡಿಯೂ ಉರಿದು ಶಕ್ತಿ ಕೊಡುವುದರಿಂದ ಅಂತರ ಅಷ್ಟಿರುವುದಿಲ್ಲ.

ಉಗ್ರಾಣದಲ್ಲಿ ಕೆಡುವ ಮದ್ದು

ಬಲದ ಮಾತು ಬರುವುದು ಮದ್ದು ಗಣಿಗೆ ತಲುಪಿದ ಮೇಲೆ. ಅದಕ್ಕೂ ಮೊದಲು ಹಡಗು, ರೈಲು, ಎತ್ತಿನಗಾಡಿ, ತಿಂಗಳುಗಟ್ಟಲೆ ಮ್ಯಾಗಜಿನ್ ಎನ್ನುವ ಮದ್ದಿನ ಉಗ್ರಾಣದ ವಾಸ. ತಯಾರಿಕೆಯಲ್ಲಿ ಉಳಿದುಹೋದ ಆಮ್ಲದ ಅಂಶ ನೈಟ್ರೊಗ್ಲಿಸರಿನ್ ಮತ್ತು ಗನ್‌ಕಾಟನ್‌ಗಳನ್ನು (ಆಮ್ಲದಲ್ಲಿ ನೆನೆಸಿ ಮಾಡಿದ ಸ್ಫೋಟಕ ಹತ್ತಿ) ಒಳಗಿನಿಂದಲೇ ಕೊಳೆಸುತ್ತದೆ. ಕೊಳೆತ ಮದ್ದು ತಾನಾಗಿ ಹೊತ್ತಿಕೊಳ್ಳಬಹುದು. 1871ರಲ್ಲಿ ಇಂಗ್ಲೆಂಡಿನ ಸ್ಟೋಮಾರ್ಕೆಟ್‌ನ ಗನ್‌ಕಾಟನ್ ಕಾರ್ಖಾನೆ ಸಿಡಿದಿತ್ತು. 1875ರಲ್ಲಿ ಬ್ರಿಟನ್ನಿನ ಸ್ಫೋಟಕಗಳ ಕಾಯ್ದೆ ಬಂತು, 1884ರಲ್ಲಿ ಭಾರತದ್ದು.

ಈ ಕೊಳೆತ ಹಿಡಿಯಲು ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬಲ್ ಕಂಡುಕೊಂಡ ಶಾಖದ ಪರೀಕ್ಷೆ ಬಹಳ ಸರಳ. ಪರೀಕ್ಷಾ ನಳಿಕೆಯಲ್ಲಿ ಮಾದರಿ ಹಾಕಿ, ನೈಟ್ರೊಗ್ಲಿಸರಿನ್ ಆದರೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಇಳಿಬಿಡುವುದು. ಮೇಲೆ ಪೊಟ್ಯಾಸಿಯಂ ಅಯೊಡೈಡ್ ಮತ್ತು ಗಂಜಿ ಸವರಿದ ಕಾಗದದ ತುಂಡು. ಅದರ ಮೇಲರ್ಧಕ್ಕೆ ಮಾತ್ರ ಗ್ಲಿಸರಿನ್ ಬೆರೆತ ನೀರು ಹಚ್ಚಿರುತ್ತಾರೆ. ಮದ್ದು ಕೊಳೆಯುತ್ತಿದ್ದರೆ ಹೊರಬರುವ ನೈಟ್ರೋಜನ್ ಆಕ್ಸೈಡ್, ಒದ್ದೆ ಮತ್ತು ಒಣ ಭಾಗ ಕೂಡುವ ಗಡಿಯಲ್ಲಿ ಕಂದು ಗೆರೆ ಮೂಡಿಸುತ್ತದೆ. ಗೆರೆಯ ಬಣ್ಣ ಮಾದರಿ ಕಾಗದದ ಬಣ್ಣಕ್ಕೆ ಸರಿಯಾಗಲು ಕನಿಷ್ಠ 15 ನಿಮಿಷ ಹಿಡಿಯಬೇಕು.

ಸರಳವಾದದ್ದಕ್ಕೆ ಮೋಸವೂ ಸರಳ. ಮದ್ದಿಗೆ ಒಂದಿಷ್ಟು ಪಾದರಸದ ಕ್ಲೋರೈಡ್ ಸೇರಿದರೆ ಅದರ ಆವಿ ಕಾಗದದ ಮೇಲಿನ ಅಯೋಡಿನ್ ಅನ್ನು ಹಿಡಿದುಬಿಡುತ್ತದೆ. ಗೆರೆ ಮೂಡುವುದೇ ಇಲ್ಲ. ಮದ್ದು ಒಳಗೊಳಗೇ ಕೊಳೆಯುತ್ತಿದ್ದರೂ ಕಾಗದ ಬೆಳ್ಳಗೆ ಉಳಿಯುತ್ತದೆ. ಏಬಲ್ ಪರೀಕ್ಷೆಯೊಂದನ್ನೇ ನಂಬಬಾರದೆಂಬ ಅರಿವು ಹೀಗೆ ಬಂತು. ಗಂಟೆಗಟ್ಟಲೆ, ದಿನಗಟ್ಟಲೆ ಕಾಯಿಸಿ ತೂಕ ಇಳಿಯುವುದನ್ನೋ ಕೆಂಪು ಹೊಗೆ ಏಳುವುದನ್ನೋ ನೋಡುವ ಪರೀಕ್ಷೆಗಳು ಜೊತೆಗೆ ಸೇರಿಕೊಂಡವು.

ಬಿಸಿ ನಾಡುಗಳಿಗೆ ಹೆಚ್ಚು ತಟ್ಟುವುದು ಇನ್ನೊಂದು ಪರೀಕ್ಷೆ. ಜೆಲಟಿನ್ ಮದ್ದು ಸೆಕೆಗೆ ಸಡಿಲವಾಗಿ ನೈಟ್ರೊಗ್ಲಿಸರಿನ್ ಎಣ್ಣೆಯಾಗಿ ಹೊರಗೆ ಜಿನುಗಬಹುದು. ಆ ಎಣ್ಣೆ ಪೆಟ್ಟಿಗೆಯ ಹಲಗೆಗೆ ಇಳಿದರೆ, ಹಲಗೆಗೆ ಹೊಡೆದ ಮೊಳೆಯೂ ಅಪಾಯಕಾರಿ. ಬ್ರಿಟಿಷ್ ನಿಯಮದ ಪ್ರಕಾರ ಬ್ಲಾಸ್ಟಿಂಗ್ ಜೆಲಟಿನ್ನನ್ನು ಎತ್ತರ ಮತ್ತು ಅಡ್ಡಳತೆ ಒಂದೇ ಇರುವಂತೆ ಉರುಳೆಯಾಗಿ ಕತ್ತರಿಸಿ, ಮೇಲಿನ ಕಾಗದ ಬಿಚ್ಚಿ, ನಡುವೆ ಒಂದು ಪಿನ್ನು ಚುಚ್ಚಿ ನಿಲ್ಲಿಸಿ, 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸತತ 144 ಗಂಟೆ ಬಿಡಬೇಕು. ಎತ್ತರ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಬಾರದು. ಮೇಲ್ಮೈ ಸಪಾಟಾಗಿಯೂ ಅಂಚು ಚೂಪಾಗಿಯೂ ಉಳಿಯಬೇಕು. 90 ಫ್ಯಾರನ್‌ಹೀಟ್ ಎಂದರೆ ಸುಮಾರು 32 ಸೆಲ್ಸಿಯಸ್. ಇಂಗ್ಲೆಂಡಿಗೆ ಅದು ವಿಪರೀತ ಬೇಸಿಗೆ. ರಾಯಚೂರಿನ ಹಟ್ಟಿಗೆ ಅದು ಮಾಮೂಲಿ ಬೆಳಗು. ಕೋಲಾರದ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಪ್ರಮಾಣಪತ್ರ ಸುಳ್ಳಲ್ಲ, ಅದು ಬೇರೆ ಹವೆಯದು.

ಚಳಿನಾಡಿನ ತೊಂದರೆ ಇದಕ್ಕೆ ತಿರುಗಮುರುಗ. ನೈಟ್ರೊಗ್ಲಿಸರಿನ್ 13 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಡೈನಮೈಟನ್ನು ಒಲೆಯ ಬಳಿ ಕಾಯಿಸಲು ಹೋಗಿ ಸತ್ತವರು ಯುರೋಪು, ಅಮೆರಿಕದಲ್ಲಿ ಬಹಳ.

ಬಡಿತ, ಉಜ್ಜುವಿಕೆ ಮತ್ತು ಬ್ರೂಸ್ಟನ್ ಮೆಟ್ಟಿಲು

ಸಾಗಣೆಯಲ್ಲಿ ಬೀಳುವ ಪೆಟ್ಟನ್ನು ಅಣಕಿಸಲು ಬೀಳುವ ಸುತ್ತಿಗೆ ಇದೆ. ಚಿಟಿಕೆ ಮದ್ದನ್ನು ಉಕ್ಕಿನ ಅಡಿಗಲ್ಲಿನ ಮೇಲಿಟ್ಟು ಗೊತ್ತಾದ ಎತ್ತರದಿಂದ ತೂಕ ಬೀಳಿಸುವುದು. ಉಜ್ಜುವಿಕೆಗೆ ಪಿಟ್ಸ್‌ಬರ್ಗ್‌ನವರು 20 ಕಿಲೋ ತೂಕದ ತೂಗುಪಾದ ಮಾಡಿಕೊಂಡಿದ್ದರು. ಅದು 1.5 ಮೀಟರ್ ಎತ್ತರದಿಂದ ಜಾರಿಬಂದು, ಗೀರುಗಳಿದ್ದ ಉಕ್ಕಿನ ಅಡಿಪಟ್ಟಿಯ ಮೇಲೆ ಹರಡಿದ 7 ಗ್ರಾಂ ಮದ್ದನ್ನು ಸವರಿಕೊಂಡು ಹೋಗುತ್ತಿತ್ತು. ಮದ್ದಿಲ್ಲದ ಅಡಿಪಟ್ಟಿಯ ಮೇಲೆ ನಿಲ್ಲುವ ಮುನ್ನ ಸುಮಾರು 18 ಸಲ ತೂಗುವಂತೆ ಮೊದಲೇ ಹದ ಮಾಡಿರಬೇಕು. ಉಕ್ಕಿನ ಪಾದಕ್ಕೆ ಚಟಪಟ ಎಂದರೆ ಗಟ್ಟಿ ನಾರಿನ ಪಾದ ಹಾಕಿ ಮತ್ತೆ ನೋಡುತ್ತಿದ್ದರು.

ಸುತ್ತಿಗೆ ಪರೀಕ್ಷೆಯ ತಲೆನೋವೆಂದರೆ ಸ್ಪಷ್ಟ ಗಡಿ ಇಲ್ಲದಿರುವುದು. ಒಂದೇ ಎತ್ತರದಿಂದ ಬಿದ್ದ ತೂಕಕ್ಕೆ ಮದ್ದು ಒಮ್ಮೆ ಸಿಡಿಯುತ್ತದೆ, ಇನ್ನೊಮ್ಮೆ ಸುಮ್ಮನಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪಿಟ್ಸ್‌ಬರ್ಗ್ ಬಳಿಯ ಬ್ರೂಸ್ಟನ್ ಪ್ರಯೋಗಾಲಯದಲ್ಲಿ ಇದಕ್ಕೊಂದು ಕ್ರಮ ಸಿಕ್ಕಿತು. ಸಿಡಿದರೆ ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿನ ಎತ್ತರ. ಸಿಡಿಯದಿದ್ದರೆ ಒಂದು ಮೆಟ್ಟಿಲು ಮೇಲೆ. ಹೀಗೆ ಹತ್ತಿಳಿಯುತ್ತ ಹೋದರೆ ಪ್ರಯೋಗ ತಾನಾಗಿಯೇ ಅರ್ಧಕ್ಕರ್ಧ ಸಿಡಿಯುವ ಎತ್ತರದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಇದರ ಸಂಖ್ಯಾಶಾಸ್ತ್ರ ಬರೆದರು. ಕಿವಿಯ ಶ್ರವಣ ಪರೀಕ್ಷೆಯಲ್ಲಿ ಸದ್ದನ್ನು ಏರಿಸಿ ಇಳಿಸಿ ನೋಡುವುದು ಇದೇ ಜಾತಿಯ ವಿಧಾನ.

ತೂತಿನಲ್ಲಿ ಸಾಯುವ ಮದ್ದು

ಸಿಡಿಯಬಾರದ ಕಡೆ ಸಿಡಿಯುವ ಮದ್ದಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗಣಿಯಲ್ಲಿ ದಿನನಿತ್ಯ ಕಾಡುವುದು ಸಿಡಿಯಬೇಕಾದ ಕಡೆ ಸಿಡಿಯದ ಮದ್ದು. ಬಂಡೆಯಲ್ಲಿ ಕೊರೆದ ತೂತಿನಲ್ಲಿ ಒಂದರ ಹಿಂದೆ ಒಂದು ಕಾರ್ಟ್ರಿಜ್ ಇಡುತ್ತಾರೆ. ನಡುವೆ ಕೊರೆದ ಕಲ್ಲಿನ ಪುಡಿ ಸಿಕ್ಕಿಕೊಂಡರೆ, ಅಥವಾ ಒಂದು ಕಾರ್ಟ್ರಿಜ್ ಹಿಂದೆ ಉಳಿದು ಸಂದಾದರೆ, ಸ್ಫೋಟ ಅಲ್ಲಿಗೇ ನಿಲ್ಲಬಹುದು. ಕಾರ್ಟ್ರಿಜ್‌ಗಿಂತ ತೂತು ತೀರಾ ದೊಡ್ಡದಿದ್ದರೂ ತೊಂದರೆ: ಸುತ್ತಲಿನ ಗಾಳಿಸಂದಿಯಲ್ಲಿ ಆಘಾತದ ಅಲೆ ಸ್ಫೋಟಕ್ಕಿಂತ ಮುಂದೆ ಓಡಿ, ಮುಂದಿನ ಮದ್ದನ್ನು ಹಿಂಡಿ ಗಟ್ಟಿ ಮಾಡುತ್ತದೆ, ಹಾಗೆ ಗಟ್ಟಿಯಾದ ಅಮೋನಿಯಂ ನೈಟ್ರೇಟ್ ಮದ್ದು ಹೊತ್ತುವುದಿಲ್ಲ. ಉಳಿದ ಮದ್ದು ತೂತಿನ ಬುಡದಲ್ಲಿ, ಗಣಿಯವರು ಸಾಕೆಟ್ ಎನ್ನುವ ಕುಳಿಯಲ್ಲಿ, ಕೂತಿರುತ್ತದೆ. ಮರುದಿನ ಅದೇ ಕುಳಿಗೆ ಡ್ರಿಲ್ ಇಟ್ಟವನ ಪ್ರಾಣಕ್ಕೆ ಅದು ಕುತ್ತು. ಹಳೆಯ ಸಾಕೆಟ್‌ನಲ್ಲಿ ಕೊರೆಯಕೂಡದೆಂಬ ನಿಯಮ ಎಲ್ಲ ದೇಶಗಳ ಗಣಿಗಳಲ್ಲೂ ಇರುವುದು ಇದಕ್ಕೇ.

ಇದನ್ನು ಅಳೆಯುವುದು ಗ್ಯಾಪ್ ಪರೀಕ್ಷೆ. ಎರಡು ಕಾರ್ಟ್ರಿಜ್ ಅಥವಾ ಒಂದೇ ಕಾರ್ಟ್ರಿಜ್‌ನ ಎರಡು ತುಂಡುಗಳನ್ನು ಕಾಗದದ ಕೊಳವೆಯಲ್ಲಿ ಸಂದು ಬಿಟ್ಟು ಕೂರಿಸಿ, ಒಂದನ್ನು ಹೊಡೆದರೆ ಎಷ್ಟು ಅಂತರದವರೆಗೆ ಇನ್ನೊಂದೂ ಸಿಡಿಯುತ್ತದೆಂದು ನೋಡುವುದು. ಹೊಸ ಮದ್ದು ಮಾತ್ರ ನೋಡಿದರೆ ಸಾಲದು. ತೇವ ಕುಡಿದು ಗಟ್ಟಿಯಾದ ಹಳೆಯ ಪೆಟ್ಟಿಗೆಯಿಂದಲೂ ತೆಗೆದು ನೋಡಬೇಕು. ಸಂಖ್ಯೆ ಬೀಳುವುದು ಅಲ್ಲೇ.

ಫಿರಂಗಿ, ಮೀಥೇನ್, ಕಲ್ಲಿದ್ದಲ ದೂಳು

ಕಲ್ಲಿದ್ದಲ ಗಣಿಯ ಪ್ರಶ್ನೆಯೇ ಬೇರೆ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಸೇರಿದರೆ ಅದು ಸ್ಫೋಟಿಸುವ ಮಿಶ್ರಣ. ಮದ್ದಿನ ಜ್ವಾಲೆ ಅದಕ್ಕೆ ತಗುಲಿದರೆ ಗಣಿಯೇ ಚಿತೆ. ಅನಿಲ ಇಲ್ಲದಿದ್ದರೂ ಎದ್ದ ಕಲ್ಲಿದ್ದಲ ದೂಳೇ ಸಾಕು.

ಫ್ರಾನ್ಸಿನಲ್ಲಿ ಇದರ ವಿಚಾರಣೆಗೆಂದು 1877ರಲ್ಲಿ ಆಯೋಗ ರಚನೆಯಾಯಿತು. ಅದರ ಕೆಲಸದಲ್ಲಿ ವಿಜ್ಞಾನಿಗಳಾದ ಮಲ್ಲಾರ್ ಮತ್ತು ಲ ಶಾತೆಲಿಯೇ ಒಂದು ವಿಚಿತ್ರ ಕಂಡರು. ಮೀಥೇನ್ ಸುಮಾರು 650 ಡಿಗ್ರಿಯಲ್ಲಿ ಹೊತ್ತುತ್ತದೆ, ಆದರೆ ಕೂಡಲೇ ಅಲ್ಲ. ಆ ಶಾಖದಲ್ಲಿ ಸುಮಾರು ಹತ್ತು ಸೆಕೆಂಡ್ ಕಾಯುತ್ತದೆ. 1,000 ಡಿಗ್ರಿಯಲ್ಲಿ ಒಂದು ಸೆಕೆಂಡ್. ಶಾಖ ಏರಿದಷ್ಟೂ ಕಾಯುವ ಸಮಯ ಕುಗ್ಗುತ್ತದೆ. ಮದ್ದಿನ ಅನಿಲವೋ 2,000 ಡಿಗ್ರಿಯ ಆಚೆ, ಆದರೆ ಹಿಗ್ಗುತ್ತ ಕಣ್ಣೆವೆ ಇಕ್ಕುವುದರೊಳಗೆ ತಣ್ಣಗಾಗುತ್ತದೆ. ಮೀಥೇನ್ ಕಾಯುವಷ್ಟು ಹೊತ್ತು ಶಾಖ ನಿಲ್ಲದಿದ್ದರೆ ಬಚಾವು. ಅಂದರೆ ಮದ್ದನ್ನು ತಂಪು ಮಾಡಬೇಕು, ಜ್ವಾಲೆಯ ಆಯಸ್ಸು ಕಡಿಮೆ ಮಾಡಬೇಕು. 1890ರ ಫ್ರೆಂಚ್ ನಿಯಮ ಲೆಕ್ಕ ಹಾಕಿದ ಶಾಖಕ್ಕೆ ಮಿತಿ ಹಾಕಿತು: ಕಲ್ಲಿದ್ದಲಿನಲ್ಲಿ 1,500 ಡಿಗ್ರಿ, ಕಲ್ಲಿನಲ್ಲಿ 1,900. ಮದ್ದಿಗೆ ಉಪ್ಪು ಬೆರೆಸಿ ತಂಪು ಮಾಡುವ ಪದ್ಧತಿಯ ಬೇರು ಈ ತಿಳಿವಿನಲ್ಲಿದೆ. ಉಪ್ಪು ಹೆಚ್ಚಿದಷ್ಟೂ ಬಲ ಕಡಿಮೆ; ಸುರಕ್ಷತೆಗೆ ತೆರುವ ಬೆಲೆ ನೇರವಾಗಿ ಲೋಲಕದಲ್ಲಿ ಕಾಣುತ್ತದೆ.

ಕಾಗದದ ಲೆಕ್ಕ ಜರ್ಮನರಿಗೆ ಒಪ್ಪಿಗೆಯಾಗಲಿಲ್ಲ. 1880ರ ದಶಕದಲ್ಲೇ ನ್ಯೂನ್‌ಕಿರ್ಶೆನ್, ಗೆಲ್ಸೆನ್‌ಕಿರ್ಶೆನ್‌ಗಳಲ್ಲಿ ಅವರು ಕೃತಕ ಸುರಂಗ ಕಟ್ಟಿ ಅನಿಲದೊಳಕ್ಕೇ ಮದ್ದು ಹೊಡೆದು ನೋಡಿದರು. ಬೆಲ್ಜಿಯಂನ ಫ್ರಾಮೆರೀಸ್, ಬ್ರಿಟನ್ನಿನ ವುಲಿಚ್, ಆಮೇಲೆ ರಾದರ್‌ಹ್ಯಾಮ್ ಮತ್ತು ಬಕ್ಸ್‌ಟನ್ ಅದೇ ದಾರಿ ಹಿಡಿದವು. ಅಮೆರಿಕ ಎಚ್ಚೆತ್ತದ್ದು ತಡವಾಗಿ. 1907ರ ಡಿಸೆಂಬರ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಮೊನೊಂಗಾ ಗಣಿಯಲ್ಲಿ 362 ಜನ ಸತ್ತ ಮೇಲೆ, 1908ರಲ್ಲಿ ಪಿಟ್ಸ್‌ಬರ್ಗ್ ಪರೀಕ್ಷಾ ಕೇಂದ್ರ ತೆರೆಯಿತು. 1910ರಲ್ಲಿ ಗಣಿಗಳಿಗೆಂದೇ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ಮೈನ್ಸ್ ಹುಟ್ಟಿತು.

ಪಿಟ್ಸ್‌ಬರ್ಗ್‌ನ ಒಂದನೇ ಗ್ಯಾಲರಿ, ಅಂದರೆ ಕೃತಕ ಸುರಂಗ, ಬಾಯ್ಲರ್ ತಗಡಿನ ಕೊಳವೆ: 100 ಅಡಿ ಉದ್ದ, 6 ಅಡಿ 4 ಅಂಗುಲ ಅಡ್ಡಳತೆ. ಉದ್ದಕ್ಕೂ ದಪ್ಪ ಗಾಜಿನ ಕಿಂಡಿಗಳು, ನೆತ್ತಿಯಲ್ಲಿ ಒತ್ತಡಕ್ಕೆ ತೆರೆದುಕೊಳ್ಳುವ ಕೀಲುಬಾಗಿಲುಗಳು. ಒಂದು ತುದಿಯಲ್ಲಿ ಉಕ್ಕಿನ ಫಿರಂಗಿ. ಅದರ ತೂತು ಎರಡೂಕಾಲು ಅಂಗುಲ ಅಗಲ, ಇಪ್ಪತ್ತೊಂದೂವರೆ ಅಂಗುಲ ಆಳ. ಮೊದಲ 20 ಅಡಿಯ ಕೊನೆಗೆ ಕಾಗದದ ಪರದೆ ಕಟ್ಟಿ ಅನಿಲದ ಕೋಣೆ ಮಾಡುತ್ತಿದ್ದರು. ಫ್ಯಾನ್ ಓಡಿಸಿ ಅನಿಲ ಸಮನಾಗಿ ಬೆರೆಸಿ, ಮಾದರಿ ತೆಗೆದು ಪ್ರಮಾಣ ಖಾತ್ರಿ ಮಾಡಿಕೊಂಡು, ದೂರದ ವೀಕ್ಷಣಾ ಕೊಠಡಿಯಿಂದ ಹೊಡೆಯುವುದು. ಕಿಂಡಿಗಳಲ್ಲಿ ಜ್ವಾಲೆ ಕಂಡರೆ ಮದ್ದು ನಪಾಸು.

ಮುಖ್ಯ ಪರೀಕ್ಷೆಗಳು ಎರಡು. ಮೊದಲನೆಯದರಲ್ಲಿ, ಲೋಲಕ ತೋರಿಸಿದ ಆ ಸಮಬಲದ ತೂಕವನ್ನು ಫಿರಂಗಿಗೆ ತುಂಬಿ, ಒಂದು ಪೌಂಡ್ ಜೇಡಿಮಣ್ಣಿನಿಂದ ಬಾಯಿ ಬಿಗಿದು, ಶೇ. 8ರ ಅನಿಲಕ್ಕೆ ಹತ್ತು ಶಾಟ್, ಅಂದರೆ ಹತ್ತು ಹೊಡೆತ. ಸಮಬಲದ ತೂಕ ಏಕೆಂದರೆ, ಸಮತೂಕ ತೆಗೆದುಕೊಂಡರೆ ದುರ್ಬಲ ಮದ್ದು ಸುಲಭವಾಗಿ ಪಾಸಾಗುತ್ತದೆ. ಗಣಿಯಲ್ಲಿ ಮಾತ್ರ ಕಾರ್ಮಿಕ ಅದನ್ನು ಹೆಚ್ಚು ತುಂಬುತ್ತಾನೆ. ಇನ್ನೊಂದು ಪರೀಕ್ಷೆಯಲ್ಲಿ ಒಂದೂವರೆ ಪೌಂಡ್, ಅಂದರೆ 680 ಗ್ರಾಂ ಮದ್ದು, ಮಣ್ಣಿನ ಬಿಗಿತವೇ ಇಲ್ಲದೆ, ಶೇ. 4ರ ಅನಿಲ ಮತ್ತು 20 ಪೌಂಡ್ ಕಲ್ಲಿದ್ದಲ ದೂಳಿಗೆ. ಇದು ಗಣಿಯ ಅತಿ ಕೆಟ್ಟ ಗಳಿಗೆಯ ಅಣಕ: ಕಲ್ಲು ಒಡೆಯದೆ ತೂತಿನ ಬಾಯಿಯಿಂದಲೇ ಬೆಂಕಿ ಉಗುಳುವ ಶಾಟ್. ಎರಡರಲ್ಲೂ ಒಂದೇ ಒಂದು ಸಲವೂ ಹೊತ್ತಕೂಡದು.

1909ರಲ್ಲಿ ಪಾಸಾದ ಮದ್ದುಗಳ ಮೊದಲ ಪಟ್ಟಿ ಬಂತು. ಪಟ್ಟಿಯಲ್ಲಿದ್ದದ್ದು ಬರೀ ಹೆಸರುಗಳಲ್ಲ, ಷರತ್ತುಗಳು ಕೂಡ. ಒಂದು ಶಾಟ್‌ಗೆ ಒಂದೂವರೆ ಪೌಂಡ್ ಮೀರಬಾರದು, ಬಾಯಿ ಬಿಗಿಯಬೇಕು, ಹೇಳಿದ ಶಕ್ತಿಯ ಡಿಟೊನೇಟರನ್ನೇ ಬಳಸಬೇಕು, ಮದ್ದಿನ ಮಿಶ್ರಣ ಪರೀಕ್ಷೆಗೆ ಕೊಟ್ಟ ಮಾದರಿಯದ್ದೇ ಇರಬೇಕು. ಒಂದು ಷರತ್ತು ಮುರಿದರೂ ಅದೇ ಪೆಟ್ಟಿಗೆಯ ಅದೇ ಮದ್ದು ಅನುಮತಿ ಕಳೆದುಕೊಳ್ಳುತ್ತದೆ. ಈಗಲೂ ಅನೇಕರು ಮರೆಯುವುದು ಇದನ್ನೇ.

ಹತ್ತು ಶಾಟ್ ಸಾಕೇ? ಲೆಕ್ಕ ಹಾಕಿ ನೋಡಿ. ಒಂದು ಮದ್ದು ನಿಜಕ್ಕೂ ಹತ್ತರಲ್ಲಿ ಒಂದು ಸಲ ಅನಿಲ ಹೊತ್ತಿಸುವಂಥದ್ದು ಎಂದುಕೊಳ್ಳಿ. ಅದು ಹತ್ತೂ ಶಾಟ್‌ಗಳನ್ನು ತಪ್ಪಿಸಿಕೊಂಡು ಪಾಸಾಗುವ ಸಂಭವ ಶೇ. 35. ಇಪ್ಪತ್ತರಲ್ಲಿ ಒಂದು ಸಲ ಹೊತ್ತಿಸುವ ಮದ್ದಾದರೆ ಶೇ. 60. ಸೊನ್ನೆ ಕಾಣಬೇಕೆನ್ನುವ ಪರೀಕ್ಷೆ ಕಟ್ಟುನಿಟ್ಟಾಗಿ ಕೇಳಿಸುತ್ತದೆ, ಆದರೆ ಹೇಳುವುದು ಕಡಿಮೆ. ಬಕ್ಸ್‌ಟನ್‌ನವರು ಮುಂದೆ ಬೇರೆ ಜಾಣತನ ತೋರಿದರು. ಕಲ್ಲಿದ್ದಲ ಗಣಿಯ ಮದ್ದಿನ ದರ್ಜೆಗಳಲ್ಲಿ ಮೊದಲನೆಯದಾದ ಪಿ1ರ ಒಂದು ಪರೀಕ್ಷೆಯಲ್ಲಿ ಪರಿಸ್ಥಿತಿಯನ್ನು ಬೇಕೆಂದೇ ಬಿಗಿ ಮಾಡಿ 26 ಶಾಟ್ ಹೊಡೆಯುತ್ತಿದ್ದರು. ಅದರಲ್ಲಿ 13ಕ್ಕಿಂತ ಹೆಚ್ಚು ಹೊತ್ತಬಾರದು. ಅರ್ಧ ಹೊತ್ತಿದರೂ ಪಾಸೇ ಎಂದು ಹೊರಗಿನವರಿಗೆ ಗಾಬರಿಯಾಗಬಹುದು. ಆದರೆ ಮದ್ದು ಮದ್ದಿನ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುವುದು ಆ ಅರ್ಧದ ಹತ್ತಿರವೇ. ಬ್ರೂಸ್ಟನ್ ಮೆಟ್ಟಿಲಿನ ಹಿಂದಿನ ತರ್ಕವೂ ಇದೇ.

ಫಿರಂಗಿಗೊಂದು ಮಿತಿ ಇತ್ತು: ಅದರ ಉಕ್ಕು ಬಿರಿಯುವುದಿಲ್ಲ. ನಿಜವಾದ ಕಲ್ಲಿದ್ದಲು ಬಿರಿಯುತ್ತದೆ. ಬಿರುಕಿನಲ್ಲಿ ಅನಿಲ ತುಂಬಿದ್ದರೆ ಮದ್ದು ಬಾಯಿಯಿಂದಲ್ಲ, ಪಕ್ಕದಿಂದಲೇ ಅನಿಲಕ್ಕೆ ತಗುಲುತ್ತದೆ. ಒಂದಾದ ಮೇಲೊಂದು ತುಸು ತಡವಾಗಿ ಹೊತ್ತುವ ಡಿಲೇ ಡಿಟೊನೇಟರ್ ಬಂದ ಮೇಲಂತೂ ಒಂದು ಶಾಟ್ ತೆರೆದ ಬಿರುಕಿಗೆ ಮುಂದಿನ ಶಾಟ್ ಹೊಡೆಯುವುದು ಮಾಮೂಲಾಯಿತು. ಅದಕ್ಕಾಗಿ ಉಕ್ಕಿನ ಫಲಕಗಳ ನಡುವೆ ಮದ್ದಿಟ್ಟು ಬಿರುಕನ್ನು ಅಣಕಿಸುವ ಪರೀಕ್ಷೆಗಳು ಹುಟ್ಟಿದವು. ಮದ್ದಿನ ದರ್ಜೆಗಳೂ ಹೆಚ್ಚಿದವು. ಭಾರತದ ಕಲ್ಲಿದ್ದಲ ಗಣಿಗಳಲ್ಲಿ ಕೇಳಿಬರುವ ಪಿ1, ಪಿ3, ಪಿ5 ಎಂಬ ದರ್ಜೆಗಳಿಗೆ ಬ್ರಿಟಿಷ್ ಪದ್ಧತಿಯೇ ಮೂಲ. ಧನ್‌ಬಾದ್‌ನಲ್ಲಿ 1956ರಲ್ಲಿ ಶುರುವಾದ, ಈಗ ಸಿಂಫರ್ (ಸಿಐಎಂಎಫ್ಆರ್) ಎನಿಸಿಕೊಂಡ ಗಣಿ ಸಂಶೋಧನಾ ಸಂಸ್ಥೆ ಇಲ್ಲಿ ಈ ಪರೀಕ್ಷೆಗಳನ್ನು ಮಾಡುತ್ತ ಬಂದಿದೆ.

ಹೊಗೆ

ಹಟ್ಟಿಯಂಥ, 2001ರಲ್ಲಿ ಮುಚ್ಚಿದ ಕೋಲಾರದಂಥ ಚಿನ್ನದ ಗಣಿಗೆ ಗ್ಯಾಲರಿಯ ಫಲಿತಾಂಶದಿಂದ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಕಲ್ಲಿದ್ದಲ ದೂಳಿನ ಭಯವಿಲ್ಲ. ಅಲ್ಲಿ ಕೇಳಬೇಕಾದದ್ದು ಹೊಗೆಯ ಲೆಕ್ಕ. ಮದ್ದಿನಲ್ಲಿ ಆಮ್ಲಜನಕ ಕಡಿಮೆಯಾದರೆ ಕಾರ್ಬನ್ ಮಾನಾಕ್ಸೈಡ್, ಹೆಚ್ಚಾದರೆ ನೈಟ್ರೋಜನ್ ಆಕ್ಸೈಡ್. ಮೊದಲನೆಯದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡನೆಯದು ಕೆಂಪುಕಂದು, ಉಸಿರಾಡಿದವನು ಆಗ ಸರಿಯಾಗೇ ಇದ್ದು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಕುಸಿಯಬಹುದು.

ಇದನ್ನು ಅಳೆಯಲು ಬೀಕೆಲ್ ಗೇಜ್ ಎಂಬ 15 ಲೀಟರಿನ ಉಕ್ಕಿನ ಪಾತ್ರೆಯಲ್ಲಿ ಗಾಳಿ ತೆಗೆದು, 200 ಗ್ರಾಂ ಮದ್ದು ಹೊಡೆದು, ತಣಿದ ಅನಿಲವನ್ನು ವಿಶ್ಲೇಷಿಸುತ್ತಿದ್ದರು. ಆಗ ಅಮೆರಿಕದ ಮಿತಿ 680 ಗ್ರಾಂ ಮದ್ದಿಗೆ 158 ಲೀಟರ್ ವಿಷಾನಿಲ ಆಗಿತ್ತು. ಹೊದಿಕೆಯ ಮೇಣದ ಕಾಗದವನ್ನೂ ಸೇರಿಸಿಯೇ ಹೊಡೆಯಬೇಕೆಂಬುದು ಮುಖ್ಯ. ಮೇಣ ಉರಿದು ಮಾನಾಕ್ಸೈಡ್ ಹೆಚ್ಚಿಸುತ್ತದೆ. ಆದರೆ ಅರೆಬರೆ ಸಿಡಿದ ಮದ್ದಿನ ಹೊಗೆ ಪಾತ್ರೆಯಲ್ಲಿ ಅಳೆದದ್ದಕ್ಕಿಂತ ಬಹಳ ಕೆಟ್ಟದ್ದು. ಗಣಿಯಲ್ಲಿ ಕೆಂಪು ಹೊಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ತೇವ, ಸಂದು, ಹಳೆಯ ಸರಕು.

10 ಗ್ರಾಂ ಹೇಳಲಾರದ್ದು

1921ರ ಸೆಪ್ಟೆಂಬರ್ 21ರಂದು ಜರ್ಮನಿಯ ಓಪ್ಪೌ ಕಾರ್ಖಾನೆಯಲ್ಲಿ 4,500 ಟನ್ ಗೊಬ್ಬರದ ರಾಶಿಯ ಒಂದು ಭಾಗ ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು. ಅಮೋನಿಯಂ ನೈಟ್ರೇಟ್ ಮತ್ತು ಸಲ್ಫೇಟ್ ಬೆರೆತ ಆ ಗೊಬ್ಬರ ಗಟ್ಟಿಯಾದಾಗ ಸಣ್ಣ ಮದ್ದು ಹೊಡೆದು ಸಡಿಲಿಸುವುದು ಅಲ್ಲಿ ರೂಢಿ. ಸಾವಿರಾರು ಸಲ ಹಾಗೆ ಮಾಡಿದ್ದರು, ಏನೂ ಆಗಿರಲಿಲ್ಲ. ಸಣ್ಣ ಪ್ರಮಾಣದ ಪರೀಕ್ಷೆಯೂ ಆ ಮಿಶ್ರಣ ಸಿಡಿಯದು ಎಂದಿತ್ತು. ಆದರೆ ಒಣಗಿಸುವ ವಿಧಾನ ಬದಲಾಗಿ ಕಾಳಿನ ರಚನೆ, ಸಾಂದ್ರತೆ ಬೇರೆಯಾಗಿದ್ದವು, ರಾಶಿಯ ಕೆಲವೆಡೆ ನೈಟ್ರೇಟ್ ಹೆಚ್ಚಿತ್ತು. ಕೆಲವು ಗ್ರಾಮಿನಲ್ಲಿ ಸತ್ತುಹೋಗುವ ಸ್ಫೋಟ ಟನ್ನುಗಳಲ್ಲಿ ಬದುಕಿಕೊಳ್ಳುತ್ತದೆ ಎಂಬುದು ಅಲ್ಲಿ ಬಯಲಾಯಿತು.

1950ರ ದಶಕದಲ್ಲಿ ಅಮೋನಿಯಂ ನೈಟ್ರೇಟ್‌ಗೆ ಡೀಸೆಲ್ ಬೆರೆಸಿದ ಆನ್‌ಫೊ, ಅದರ ಬೆನ್ನಿಗೆ ಅಮೆರಿಕದ ಮೆಲ್ವಿನ್ ಕುಕ್‌ನ, ನೀರು ಬೆರೆತ ಗಂಜಿಯಂಥ ಸ್ಲರಿ ಬಂದಾಗ ಇದೇ ಸತ್ಯ ತಲೆಕೆಳಗಾಗಿ ಎದುರಾಯಿತು. ಇಂಥ ಮದ್ದಿಗೆ ಒಂದು ಕನಿಷ್ಠ ಅಡ್ಡಳತೆ ಬೇಕು. ಅದಕ್ಕಿಂತ ತೆಳುವಾದರೆ ಸ್ಫೋಟ ಮುಂದೆ ಓಡುವುದಿಲ್ಲ. 25 ಮಿಲಿಮೀಟರಿನ ಟ್ರೌಜ್ಲ್ ಕುಳಿಯಲ್ಲಿ, 10 ಗ್ರಾಂ ತೂಕದಲ್ಲಿ ಅದನ್ನು ನೋಡುವುದೇ ವ್ಯರ್ಥ. ಹೀಗಾಗಿ ಕೆರೆಯಂಥ ಕೊಳದಲ್ಲಿ ಕಿಲೋಗಟ್ಟಲೆ ಮದ್ದು ಮುಳುಗಿಸಿ ಹೊಡೆಯುವ ವಿಧಾನ ಬಳಕೆಗೆ ಬಂತು. ನೀರಿನಲ್ಲಿ ಮೊದಲು ಬರುವ ಆಘಾತದ ಅಲೆಯಿಂದ ಸೀಳುವ ಶಕ್ತಿ, ಆಮೇಲೆ ಅನಿಲದ ಗುಳ್ಳೆ ಹಿಗ್ಗಿ ಕುಗ್ಗುವ ಕಾಲದಿಂದ ತಳ್ಳುವ ಶಕ್ತಿ, ಎರಡೂ ಬೇರೆಬೇರೆಯಾಗಿ ಸಿಗುತ್ತವೆ. ಹೆಸ್ ಕಂಬಿಯೂ ಟ್ರೌಜ್ಲ್ ದಿಮ್ಮಿಯೂ ಅರ್ಧರ್ಧ ಹೇಳುತ್ತಿದ್ದದ್ದನ್ನು ಒಂದೇ ಹೊಡೆತ ಹೇಳಿತು.

ಭಾರತದಲ್ಲಿ ನೈಟ್ರೊಗ್ಲಿಸರಿನ್ ಮದ್ದು 2004ರಲ್ಲಿ ನಿಷೇಧವಾಯಿತು. ಈಗ ಸ್ಲರಿ, ಎಮಲ್ಷನ್‌ಗಳ ಕಾಲ. ಏಬಲ್ ಕಾಗದ, 144 ಗಂಟೆಯ ಸೆಕೆ ಇವಕ್ಕೆ ಅನ್ವಯಿಸುವುದಿಲ್ಲ. ಬದಲಿಗೆ ವೇಗವನ್ನು ಗಣಿಯ ತೂತಿನಲ್ಲೇ ಅಳೆಯುತ್ತಾರೆ. ಮದ್ದಿನ ಉದ್ದಕ್ಕೂ ಒಂದು ಪ್ರತಿರೋಧದ ತಂತಿ ಇಳಿಬಿಟ್ಟರೆ, ಸ್ಫೋಟ ಅದನ್ನು ತಿನ್ನುತ್ತ ಬಂದಂತೆ ಪ್ರತಿರೋಧ ಇಳಿಯುತ್ತದೆ. ಆ ಇಳಿಕೆಯನ್ನು ನಕ್ಷೆಯಲ್ಲಿ ಬರೆದಾಗ ಬರುವ ಗೆರೆಯ ಓರೆಯೇ ವೇಗ ತಿಳಿಸುತ್ತದೆ. ಗೆರೆ ಉದ್ದಕ್ಕೂ ನೇರವಾಗಿದ್ದರೆ ಸರಿ. ಬುಡದಲ್ಲೇ ವೇಗ ಕಡಿಮೆಯಿದ್ದರೆ ಮೊದಲು ಬೂಸ್ಟರನ್ನು (ಮುಖ್ಯ ಮದ್ದನ್ನು ಹೊತ್ತಿಸುವ ಚಿಕ್ಕ ಮದ್ದು), ಆಮೇಲೆ ಬುಡದಲ್ಲಿ ನಿಂತ ನೀರನ್ನು ನೋಡಬೇಕು. ನಡುವೆ ಮುರಿದರೆ ಅಲ್ಲಿ ಮಣ್ಣೋ ಕಲ್ಲಿನ ಪುಡಿಯೋ ಬಿದ್ದು ಮದ್ದಿನ ಕಂಬ ತುಂಡಾಗಿದೆ. ಹೊಡೆಯುವ ಮೊದಲೇ ಪಕ್ಕದ ತೂತಿನ ಸ್ಫೋಟಕ್ಕೆ ತಂತಿ ಕತ್ತರಿಸಿದ್ದರೂ ಗೆರೆ ಹಾಗೇ ಕಾಣುತ್ತದೆ. ಹಾಗಾಗಿ ಮದ್ದನ್ನು ದೂರುವ ಮೊದಲು ತೂತುಗಳ ಡಿಲೇ ಕ್ರಮವನ್ನು ಒಮ್ಮೆ ತೆಗೆದು ನೋಡಬೇಕು.